‘ಹೌದು’ ಎನ್ನುವವರ ಮುಂದೆ

ತಪ್ಪು ಹಿಡಿಯುವುದೆಂದರೆ ನನಗೆ ಇಷ್ಟ. ಕ್ಯಾನ್ಸರ್ ವಿಭಾಗದ ಫಾರ್ಮಸಿಸ್ಟಳಾದ ನನಗೆ ಹಿಡಿಯುವುದು ಕೆಲಸವೇ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಇಲ್ಲಿ ಹೇಳಹೊರಟಿರುವುದು ಆ ಇಷ್ಟದ ವಿಷಯ. ಬೆಳಿಗ್ಗೆ ರಕ್ತಪರೀಕ್ಷೆಯ ವರದಿ ಬರುತ್ತದೆ. ಕ್ರಿಯೇಟಿನಿನ್ ಹೋದ ಸಲಕ್ಕಿಂತ ಏರಿದೆ, ಅಂದರೆ ಮೂತ್ರಪಿಂಡ ನಿಧಾನಿಸಿದೆ, ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧದ ಡೋಸ್ ಮಾತ್ರ ಹೋದ ಸಲದ್ದೇ ಇದೆ. ಮೂತ್ರಪಿಂಡ ಸೋಸುವ ವೇಗಕ್ಕೆ 25 ಕೂಡಿಸಿ, ಬೇಕಾದ ಎಯುಸಿಯಿಂದ (ರಕ್ತದಲ್ಲಿ ಔಷಧ ಒಟ್ಟು ಎಷ್ಟಿರಬೇಕೆಂಬ ಅಳತೆಯಿಂದ) ಗುಣಿಸುತ್ತೇನೆ. ಇದು 1989ರ ಕ್ಯಾಲ್ವರ್ಟ್ ಸೂತ್ರ, ಈಗ ನಿದ್ದೆಯಲ್ಲೂ ಬರುತ್ತದೆ. ಫೋನ್ ಮಾಡುತ್ತೇನೆ. ಆ ಕಡೆಯಿಂದ ಡಾಕ್ಟರು ‘ಹೌದಲ್ಲ, ತಿದ್ದಿಬಿಡಿ’ ಅಂದರೆ ಆವತ್ತು ಮಧ್ಯಾಹ್ನದ ಊಟಕ್ಕೆ ಬೇರೆಯೇ ರುಚಿ. ಆ ಔಷಧ ಯಾರ ಮೈಗೆ ಇಳಿಯಲಿದೆಯೋ ಅವರ ಮುಖ ಎಷ್ಟೋ ಸಲ ನನಗೆ ನೆನಪೂ ಇರುವುದಿಲ್ಲ.

ಈ ರುಚಿಗೊಂದು ಗಟ್ಟಿ ಸಮರ್ಥನೆ ಉಂಟು, ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಅದನ್ನೇ ಹೇಳುತ್ತೇನೆ. 1994ರಲ್ಲಿ ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯಲ್ಲಿ ಬೆಟ್ಸಿ ಲೇಮನ್ ಎಂಬ ಪತ್ರಕರ್ತೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದರು. ‘ಬಾಸ್ಟನ್ ಗ್ಲೋಬ್’ನಲ್ಲಿ ಆರೋಗ್ಯದ ಅಂಕಣ ಬರೆಯುತ್ತಿದ್ದವರು ಅವರೇ. ನಾಲ್ಕು ದಿನಕ್ಕೆ ಹಂಚಿ ಕೊಡಬೇಕಿದ್ದ ಸೈಕ್ಲೋಫಾಸ್ಫಮೈಡ್ ಅನ್ನು ನಾಲ್ಕೂ ದಿನ ಪೂರ್ತಿ ಪೂರ್ತಿ ಕೊಟ್ಟರು. ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು ಎಲ್ಲರ ಕೈದಾಟಿ ಹೋಯಿತು ಆ ಚೀಟಿ. ಆಕೆ ತೀರಿಕೊಂಡರು. ಇಂದು ಜಗತ್ತಿನ ಕೀಮೋ ಘಟಕಗಳಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು, ಅವರು ನೋಡಿದ್ದನ್ನು ಮತ್ತೊಬ್ಬರು ನೋಡುವ ಕಟ್ಟುನಿಟ್ಟಿನ ಹಿಂದೆ ಆ ಸಾವಿನ ಪಾಲು ದೊಡ್ಡದು. ಹಾಗಾಗಿ ನನ್ನ ಇಷ್ಟ ಬರೀ ಅಹಂಕಾರವಲ್ಲ. ಆದರೆ ಅಹಂಕಾರವೂ ಹೌದು. ‘ಮೆಡಿಕಲ್ ಯಾವಾಗ ಇಡ್ತೀಯೆ?’ ಎಂದು ಊರಿಗೆ ಹೋದಾಗಲೆಲ್ಲ ಕೇಳುವ ಅತ್ತೆಗೆ ಕೊಡಲಾಗದ ಉತ್ತರವನ್ನು ಆ ಫೋನ್ ಕರೆಯಲ್ಲಿ ಕೊಟ್ಟುಕೊಳ್ಳುತ್ತಿರುತ್ತೇನೆ. ಮಣಿಪಾಲದಲ್ಲಿ ಫಾರ್ಮಸಿ ಕಾಲೇಜು ಶುರುವಾದದ್ದು 1963ರಲ್ಲಿ, ದೇಶಕ್ಕೆ ಫಾರ್ಮ್.ಡಿ. ಪದವಿ ಬಂದದ್ದು 2008ರಲ್ಲಿ. ರೋಗಿಯೊಂದಿಗೆ ಕೂತು ಔಷಧದ ಬಗ್ಗೆ ಮಾತಾಡುವುದು ಫಾರ್ಮಸಿಸ್ಟನ ಕರ್ತವ್ಯ ಎಂದು 2015ರ ನಿಯಮಾವಳಿಯೇ ಹೇಳುತ್ತದೆ. ಅತ್ತೆಯನ್ನು ಯಾವ ನಿಯಮಾವಳಿಯೂ ಒಪ್ಪಿಸಿಲ್ಲ.

ತೊಂದರೆ ಇರುವುದು ಆ ಕೂತು ಮಾತಾಡುವುದರಲ್ಲಿ.

ಹೊರರೋಗಿ ವಿಭಾಗದಲ್ಲಿ ಈಗ ಅರ್ಧಕ್ಕರ್ಧ ಕೀಮೋ ಚಿಕಿತ್ಸೆ ಚೀಲದಲ್ಲಿ ಮನೆಗೆ ಹೋಗುತ್ತದೆ ಅನ್ನಿಸುವುದುಂಟು. ಕೆಪೆಸಿಟಾಬಿನ್ ಎಂಬ ಕೀಮೋ ಮಾತ್ರೆ ಬರೆದುಕೊಟ್ಟರೆ, ಮೈಯ ಅಳತೆ ನೋಡಿ, 500 ಮಿಲಿಗ್ರಾಂನವು ಬೆಳಿಗ್ಗೆ ನಾಲ್ಕು, ರಾತ್ರಿ ಮೂರು ಎಂಬಂಥ ಲೆಕ್ಕ. ಊಟವಾಗಿ ಅರ್ಧ ಗಂಟೆಯೊಳಗೆ. ಹದಿನಾಲ್ಕು ದಿನ ನುಂಗಿ ಏಳು ದಿನ ಬಿಡಬೇಕು. ಭೇದಿ ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲ ಹೆಚ್ಚಾದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು. ವಾರ್ಡಿನಲ್ಲಾದರೆ ಒಂದು ಬಾಟಲಿ ಏರುವ ಮುಂಚೆ ನಾಲ್ಕು ಜೋಡಿ ಕಣ್ಣು ನೋಡಿರುತ್ತವೆ. ಕಾರ್ಕಳದ ಒಂದು ಅಡುಗೆಮನೆಯಲ್ಲಿ ನೋಡುವ ಕಣ್ಣು ಒಂದೇ ಜೋಡಿ, ಅದೂ ಬಳಲಿದ್ದು. ಲೇಮನ್ ಕಥೆ ಹೇಳುವಾಗ ಈ ಅಡುಗೆಮನೆ ನನ್ನ ಪಾಠದಲ್ಲಿ ಬರುವುದೇ ಇಲ್ಲ.

‘ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?’

‘ಹೌದು.’

‘ವಾಂತಿ, ಭೇದಿ ಏನಾದರೂ?’

‘ಎಂತ ಇಲ್ಲ.’

ಎರಡು ಗುರುತು ಹಾಕುತ್ತೇನೆ, ಮುಂದಿನವರು ಬರುತ್ತಾರೆ. ಹೊರಗೆ ಮಧ್ಯಾಹ್ನದ ಬಸ್ಸಿಗೆ ಕಾಯುವವರಿದ್ದಾರೆ, ಘಟ್ಟ ಹತ್ತಿ ಶಿವಮೊಗ್ಗ ಕಡೆಗೆ ಹೋಗುವವರಿದ್ದಾರೆ, ನನಗೂ ಅವಸರ ಅವರಿಗೂ ಅವಸರ. ಆದರೆ ನನ್ನನ್ನು ನಾನೇ ಕೇಳಿಕೊಂಡಾಗ ಅವಸರ ಬರೀ ನೆಪ. ‘ಹೌದು’ ಎಂಬ ಉತ್ತರ ಬರಲಿ ಎಂತಲೇ ಪ್ರಶ್ನೆಯನ್ನು ಹಾಗೆ ಕಟ್ಟಿದ್ದೇನೆ. ‘ಇಲ್ಲ’ ಅಂದರೆ ನಾನು ಕುರ್ಚಿ ಹತ್ತಿರ ಎಳೆದುಕೊಳ್ಳಬೇಕು. ದುಡ್ಡಿನ ಮಾತು ಬರುತ್ತದೆ. ಎರಡು ವಾರದ ಮಾತ್ರೆಯನ್ನು ಮೂರು ವಾರಕ್ಕೆ ಎಳೆದವರಿದ್ದಾರೆ. ಬೇಗ ಗುಣವಾಗಲಿ ಎಂದು ಬಿಡುವಿನ ವಾರದಲ್ಲೂ ನುಂಗಿದವರಿದ್ದಾರೆ. 2019ರ ಫೆಬ್ರವರಿಯಲ್ಲಿ ಕೇಂದ್ರದ ಬೆಲೆ ನಿಯಂತ್ರಣ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರಿ ಲಾಭಕ್ಕೆ ಶೇ. 30ರ ಮಿತಿ ಹಾಕಿತು, ಕೆಲವದರ ಬೆಲೆ ಇಳಿಯಿತು. ಇಳಿದ ಬೆಲೆಯೂ ಯಾರ ಕೈಗೆ ಎಟಕುವುದಿಲ್ಲ ಎಂಬುದನ್ನು ನನ್ನ ಫಾರಂನಲ್ಲಿ ಬರೆಯಲು ಜಾಗವಿಲ್ಲ. ಜಾಗವಿಲ್ಲದ್ದು ನನಗೆ ಅನುಕೂಲವೇ ಆಗಿತ್ತು.

ಕಷಾಯದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ‘ಬೇರೆ ಯಾವುದಾದರೂ ನಾಟಿ ಮದ್ದು?’ ಎಂದು ಕೇಳಿದರೆ ಈ ಕರಾವಳಿಯಲ್ಲಿ ಯಾರೂ ಒಪ್ಪುವುದಿಲ್ಲ. ಆಸ್ಪತ್ರೆಯಲ್ಲಿ ಅದನ್ನು ಒಪ್ಪಬಾರದು ಎಂಬುದು ನನ್ನ ದನಿಯಲ್ಲೇ ಇದೆ. ನಾನು ಘಟ್ಟದ ಮೇಲಿನವಳು, ತುಳು ಅರ್ಥವಾಗುತ್ತದೆ, ಆಡಲು ತಡವರಿಸುತ್ತೇನೆ. ಒಂದು ಆಟಿ ಅಮಾವಾಸ್ಯೆ ಕಳೆದ ವಾರದಲ್ಲಿ, ಕೇಳಬೇಕೆಂದು ಯೋಚಿಸದೇ, ‘ಈ ಸಲ ಪಾಲೆ ಕಷಾಯ ತುಂಬಾ ಕಹಿ ಇತ್ತಾ?’ ಅಂದುಬಿಟ್ಟೆ. ಎದುರಿನವರು ನಕ್ಕರು. ಬೆಳಕು ಹರಿಯುವ ಮುಂಚೆ ತೊಗಟೆ ತಂದದ್ದು, ಜಜ್ಜಿದ್ದು, ಖಾಲಿ ಹೊಟ್ಟೆಯಲ್ಲಿ ಕುಡಿದದ್ದು, ಮೇಲೆ ಮೆಂತೆ ಗಂಜಿ, ಎಲ್ಲ ಬಂತು. ಅದರ ಬೆನ್ನಿಗೇ ಅಮೃತಬಳ್ಳಿ ರಸ ಬಂತು, ಲಕ್ಷ್ಮಣಫಲದ ಎಲೆ ಕುದಿಸಿದ ನೀರು ಬಂತು. ಅಮೃತಬಳ್ಳಿಯಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು 2021ರಲ್ಲಿ ಮುಂಬೈ ವೈದ್ಯರು ದಾಖಲಿಸಿದ್ದಾರೆ, ಯಕೃತ್ತಿನ ಮೇಲೆಯೇ ಕೆಲಸ ಹೇರುವ ಮಾತ್ರೆ ನುಂಗುವವರಿಗೆ ಅದು ಬೇಡವೆಂದು ಧೈರ್ಯವಾಗಿ ಹೇಳಬಲ್ಲೆ. ಲಕ್ಷ್ಮಣಫಲದ ಬಗ್ಗೆ ವಾಟ್ಸ್ಆ್ಯಪ್ ಹೇಳುವುದೆಲ್ಲ ರೋಗಿಗಳಲ್ಲಿ ಸಾಬೀತಾಗಿಲ್ಲ, ಅದನ್ನೂ ಹೇಳಬಲ್ಲೆ. ಆದರೆ ವರ್ಷಕ್ಕೊಮ್ಮೆ ಕುಡಿಯುವ ಪಾಲೆ ಕಷಾಯ ಕೆಪೆಸಿಟಾಬಿನ್ ಜೊತೆ ಏನು ಮಾಡುತ್ತದೆ? ‘ನನಗೆ ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಹೊರಡುವುದು ಕಷ್ಟ. ‘ಬೇಡ’ ಎನ್ನುವುದು ಸಲೀಸು. ಗೊತ್ತಿಲ್ಲದಿರುವುದನ್ನು ನಿಷೇಧದ ಹಿಂದೆ ಬಚ್ಚಿಟ್ಟು ಎಷ್ಟು ಸಲ ದಾಟಿಸಿದ್ದೇನೋ.

ಇನ್ನು ಕೈಗಳು. ಇದರ ಬಗ್ಗೆ ಕೊಂಚ ವಿವರವಾಗಿ ಬರೆಯಬೇಕು. ಕೆಪೆಸಿಟಾಬಿನ್ ನುಂಗುವವರಲ್ಲಿ ಹಲವರಿಗೆ ಅಂಗೈ ಅಂಗಾಲು ಕೆಂಪಾಗಿ, ಉರಿದು, ಸುಲಿಯುತ್ತವೆ. ನಾವು ಕೊಡುವ ಕರಪತ್ರದಲ್ಲಿ ಉಜ್ಜಾಟ ತಪ್ಪಿಸಿ, ಬಿಸಿನೀರಲ್ಲಿ ಅದ್ದಬೇಡಿ, ಮುಲಾಮು ಹಚ್ಚಿ, ಮೆತ್ತನೆಯ ಚಪ್ಪಲಿ ಹಾಕಿ ಎಂದಿದೆ. ಕಾರ್ಕಳ, ಕಾಪು ಕಡೆಯ ಎಷ್ಟೋ ಮನೆಗಳ ಜಗಲಿಯಲ್ಲಿ ಹೆಂಗಸರು ಬೀಡಿ ಕಟ್ಟುತ್ತಾರೆ. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಬೆರಳ ತುದಿಯಲ್ಲಿ ಉರುಳಿಸಿ, ನೂಲು ಸುತ್ತಬೇಕು. ಕೂಲಿ ಸಾವಿರದ ಲೆಕ್ಕದಲ್ಲಿ. ಅವರಿಗೆ ‘ಉಜ್ಜಾಟ ತಪ್ಪಿಸಿ’ ಎಂದರೆ ಏನೆಂದಂತಾಯಿತು? ಕರುಳಿನ ಕ್ಯಾನ್ಸರಿಗೆ ಈ ಮಾತ್ರೆಯ ಜೊತೆ ಆಕ್ಸಾಲಿಪ್ಲಾಟಿನ್ ಕೂಡ ಕೊಡುವುದುಂಟು. ಅದು ಏರಿದ ಮೇಲೆ ಕೆಲವು ದಿನ ತಣ್ಣನೆಯದನ್ನು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದಂತೆ ಜುಮ್ಮೆನ್ನುತ್ತದೆ. ‘ಫ್ರಿಜ್ಜಿಗೆ ಕೈ ಹಾಕಬೇಡಿ’ ಎಂದು ಒಬ್ಬರಿಗೆ ಹೇಳಿದೆ. ಅವರು ಮೀನು ಮಾರುವವರು. ಫ್ರಿಜ್ಜೇ ಇಲ್ಲ, ಇಡೀ ದಿನ ಕೈ ಇರುವುದು ಮಂಜುಗಡ್ಡೆಯಲ್ಲಿ. ಅವರೇ ದಾರಿ ಹೇಳಿದರು: ಜೂನ್, ಜುಲೈ ಎರಡು ತಿಂಗಳು ದೋಣಿ ಇಳಿಯುವುದಿಲ್ಲ, ವ್ಯಾಪಾರವೂ ಕಮ್ಮಿ, ಅಷ್ಟರಲ್ಲಿ ಎಷ್ಟು ಬಾಟಲಿ ಮುಗಿಸಬಹುದು? ಮೀನುಗಾರಿಕೆ ನಿಷೇಧದ ಅವಧಿಯನ್ನು ಕೀಮೋ ವೇಳಾಪಟ್ಟಿಯ ಪಕ್ಕ ಇಟ್ಟು ನೋಡಬಹುದೆಂದು ನನಗೆ ಹೊಳೆದಿರಲಿಲ್ಲ, ಹೊಳೆಯುವಷ್ಟು ನಾನು ಅವರ ದಿನದ ಬಗ್ಗೆ ಕೇಳಿರಲಿಲ್ಲ.

ಬೆರಳ ಗೆರೆಗಳೂ ಅಳಿಸುತ್ತವೆ. 2009ರಲ್ಲಿ ಸಿಂಗಾಪುರದ ವೈದ್ಯರು ಇಂಥದ್ದನ್ನು ಬರೆದಿದ್ದರು: ಕೆಪೆಸಿಟಾಬಿನ್ ತೆಗೆದುಕೊಳ್ಳುತ್ತಿದ್ದ ಒಬ್ಬರ ಬೆರಳಚ್ಚು ಮೂಡದೆ ಅಮೆರಿಕದ ವಿಮಾನನಿಲ್ದಾಣದಲ್ಲಿ ಅವರನ್ನು ಗಂಟೆಗಟ್ಟಲೆ ತಡೆದು ಕೂರಿಸಿದ್ದರು. ಓದುವಾಗ ನನಗದು ಸ್ವಾರಸ್ಯದ ಸಂಗತಿ, ತರಗತಿಯಲ್ಲಿ ನಗಿಸಲು ಹೇಳುತ್ತಿದ್ದೆ. ಬೀಡಿ ಕಟ್ಟುವ ಒಬ್ಬ ತಾಯಿ ತನ್ನ ಹೆಬ್ಬೆರಳು ಚಾಚಿ, ‘ಸೊಸೈಟಿಯ ಮಿಶಿನಿಗೆ ಹಿಡಿಯುದೇ ಇಲ್ಲ, ಅಕ್ಕಿ ಕೊಡ್ಲಿಲ್ಲ’ ಅಂದ ಮೇಲೆ ನಗಿಸುವುದನ್ನು ಬಿಟ್ಟೆ. ಔಷಧ ನಿಂತ ಮೇಲೆ ಬಹಳಷ್ಟು ಜನರಲ್ಲಿ ಗೆರೆಗಳು ಮತ್ತೆ ಮೂಡುತ್ತವೆ. ಈಗ ಡಾಕ್ಟರ ಸಹಿ ಹಾಕಿಸಿ ಕನ್ನಡದಲ್ಲೊಂದು ಪತ್ರ ಕೊಡಿಸುತ್ತೇನೆ. ಅದನ್ನು ಎಲ್ಲ ಕಡೆ ಒಪ್ಪುತ್ತಾರೆಂದು ಹೇಳಲಾರೆ.

ಮಗ ಅಥವಾ ಅಳಿಯ ರೋಗಿಯ ಕುರ್ಚಿಯ ಹಿಂದೆ ನಿಂತು ಕಣ್ಸನ್ನೆ ಮಾಡುವುದುಂಟು, ಕಾಯಿಲೆಯ ಹೆಸರು ಎತ್ತಬೇಡಿ ಅಂತ. ನಾನು ಎತ್ತುವುದಿಲ್ಲ. ಹೆಸರಿಲ್ಲದ ಕಾಯಿಲೆಗೆ ಹೆಸರಿರುವ ಮಾತ್ರೆಯ ಅಡ್ಡಪರಿಣಾಮಗಳನ್ನು ನಿಧಾನವಾಗಿ ವಿವರಿಸುತ್ತೇನೆ. ಮನೆಯವರು ಮಾತ್ರೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಗ್ಲೌಸ್ ಹಾಕಬೇಕು ಎಂದು ಹೇಳುವುದು ನನ್ನ ಕರ್ತವ್ಯ. ಹಾಗೆ ಹೇಳಿದಾಗ ಒಬ್ಬ ಹಿರಿಯರು ಕೇಳಿದರು: ‘ನಾನು ನುಂಗುದನ್ನು ಇವ ಮುಟ್ಟಬಾರ್ದಾ?’ ಮಗ ಕಿಟಕಿ ಕಡೆ ನೋಡಿದ. ಡಾಕ್ಟರ ಹತ್ತಿರ ಮಾತಾಡಿ ಎಂದೆ. ಅದು ನಿಯಮದ ಪ್ರಕಾರ ಸರಿಯಾದ ಉತ್ತರ. ಆ ನಿಯಮ ಇರುವುದಕ್ಕೆ ನಾನು ಎಷ್ಟು ಕೃತಜ್ಞಳಾಗಿದ್ದೆ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಹೊರಡುವಾಗ ಎಲ್ಲರಿಗೂ ಹೇಳುವ ಕೊನೆಯ ಮಾತು ಜ್ವರದ್ದು. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವತನಕ ಕಾಯಬಾರದು, ಪ್ಯಾರಾಸಿಟಮಾಲ್ ನುಂಗಿ ಮಲಗಬಾರದು, ಹೊರಟು ಬರಬೇಕು. ಥರ್ಮಾಮೀಟರ್ ಇದೆಯಾ ಎಂದು ಕೇಳುವುದನ್ನು ರೂಢಿಸಿಕೊಂಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ಹೆಬ್ರಿಯಾಚೆಯಿಂದ ಹೇಗೆ ಬರುತ್ತೀರಿ ಎಂದು ಕೇಳುವುದನ್ನು ಈಚೆಗೆ ಕಲಿತೆ. ವಿಭಾಗದ ನಂಬರ್ ಚೀಟಿಯಲ್ಲಿರುತ್ತದೆ. ನನ್ನ ಸ್ವಂತ ನಂಬರನ್ನು ಕೆಲವರಿಗೆ ಕೊಟ್ಟಿದ್ದೇನೆ. ಇದನ್ನು ಬರೆಯಲು ಕೂತಾಗ ಯಾರಿಗೆ ಕೊಟ್ಟಿದ್ದೇನೆಂದು ಫೋನ್ ತೆಗೆದು ನೋಡಿದೆ. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಇಬ್ಬರು ಮೇಷ್ಟ್ರು, ಬೆಂಗಳೂರಿನಲ್ಲಿ ಮಕ್ಕಳಿರುವವರು, ಚಿಕ್ಕದಾಗಿ ಚೊಕ್ಕವಾಗಿ ಪ್ರಶ್ನೆ ಕೇಳುವವರು, ನನ್ನಂಥದೇ ಕನ್ನಡ ಮಾತಾಡುವವರು. ಅವರೆಲ್ಲರಿಗೂ ಕಾರಿದೆ. ಹೆಬ್ಬೆರಳು ಚಾಚಿ ತೋರಿಸಿದ ಆ ತಾಯಿಗೆ ಕೊಟ್ಟಿಲ್ಲ. ಅವರು ಕೇಳಲಿಲ್ಲ, ನಿಜ. ಮೇಷ್ಟ್ರೂ ಕೇಳಿರಲಿಲ್ಲ.