ದಾರಿ ಬಿಟ್ಟು ನಡೆಯುವ ಕಾಲಿಗೆ

“ಅಜ್ಜಯ್ಯ, ಡಿಸೆಂಬರ್ ರಜೆಗೆ ಬರ್ತಿದ್ದೀನಿ. ಇಲ್ಲಿ ಹಾಕೋ ಬೂಟೇ ನಿಮ್ಮ ಕಾಡಿಗೂ ಆಗತ್ತಾ?” ಎಂದು ಮೊಮ್ಮಗ ಫೋನಿನಲ್ಲಿ ಕೇಳಿದ. ಅವನಿರುವುದು ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ. ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯ ಹತ್ತಿರ. ಕವಿಶೈಲಕ್ಕೆ ಹೋಗಿಬರುವುದಾದರೆ ಒಳ್ಳೆಯ ದಾರಿಯಿದೆ, ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಹತ್ತಿ ಇಳಿಯಬಹುದು. ಆದರೆ ಹನ್ನೆರಡು ವರ್ಷದ ಈ ಹುಡುಗನಿಗೆ ದಾರಿ ಬೇಡ. ನಮ್ಮ ಸೊಪ್ಪಿನ ಬೆಟ್ಟಕ್ಕೆ ನುಗ್ಗಿ, ಹಳ್ಳದ ಗುಂಟ ನಡೆದು, ಆಚೆಯ ಗುಡ್ಡದ ನೆತ್ತಿಗೆ ಏರಬೇಕೆಂಬ ಆಸೆ.

ಅವನ ಬೂಟು ನನಗೆ ಗೊತ್ತು. ಎರಡು ವರ್ಷದ ಹಿಂದೆ ಅವನ ಊರಿಗೆ ಹೋಗಿದ್ದೆ. ಟೂಸಾನ್ ಸುತ್ತ ಇರುವುದು ಸೊನೋರಾ ಮರುಭೂಮಿ. ಮರುಭೂಮಿ ಎಂದರೆ ಬರೀ ಮರಳಲ್ಲ; ಕಣ್ಣು ಹಾಯಿಸಿದಷ್ಟು ದೂರ ಕಳ್ಳಿಯ ಕಾಡು. ಸವಾರೊ ಎಂಬ ಕಳ್ಳಿ 40 ಅಡಿಗೂ ಎತ್ತರ ಬೆಳೆದು, ಕೈ ಎತ್ತಿ ನಿಂತ ಮನುಷ್ಯನ ಹಾಗೆ ಕಾಣುತ್ತದೆ. ಅದರ ಹೆಸರಿನ ರಾಷ್ಟ್ರೀಯ ಉದ್ಯಾನವೇ ಅಲ್ಲಿದೆ. ಆದರೆ ಅಲ್ಲಿ ನಡೆಯುವವರು ಹೆದರುವುದು ಆ ದೊಡ್ಡ ಕಳ್ಳಿಗಲ್ಲ, ಮೊಣಕಾಲೆತ್ತರದ ಚೋಯಾ ಕಳ್ಳಿಗೆ. ಒಂದಿಷ್ಟು ತಾಗಿದರೆ ಸಾಕು, ಅದರ ತುಂಡು ಕಳಚಿಕೊಂಡು ನಮಗೆ ಅಂಟಿಕೊಳ್ಳುತ್ತದೆ. ಹಾರಿ ಬಂದು ಚುಚ್ಚುತ್ತದೆ ಎಂದೇ ಜನ ಹೇಳುತ್ತಾರೆ. ಹಾರುವುದಿಲ್ಲ, ಸಡಿಲವಾಗಿರುತ್ತದೆ ಅಷ್ಟೆ. ಮುಳ್ಳಿನ ತುದಿಯಲ್ಲಿ ಗಾಳದ ಹಾಗೆ ಹಿಮ್ಮುಖವಾದ ಸಣ್ಣ ಕೊಕ್ಕೆಗಳಿರುವುದರಿಂದ ಒಳಗೆ ಹೋದದ್ದು ಸುಲಭಕ್ಕೆ ಹೊರಗೆ ಬರುವುದಿಲ್ಲ.

ಹೊರಡುವ ದಿನ ಮೊಮ್ಮಗ ನನ್ನ ಬಟ್ಟೆಯ ಶೂಗಳನ್ನು ನೋಡಿ ತಲೆಯಾಡಿಸಿದ. “ಮುಳ್ಳು ಕೆಳಗಿಂದ ಮಾತ್ರ ಬರಲ್ಲ ಅಜ್ಜಯ್ಯ, ಪಕ್ಕದಿಂದ ಬರತ್ತೆ” ಎಂದ. ಮಾತು ಸರಿಯಾಗಿತ್ತು. ಓಟದ ಶೂಗಳ ಮೇಲ್ಭಾಗ ಜಾಲರಿಯಂತಿರುತ್ತದೆ. ಹಗುರ, ಗಾಳಿಯಾಡುತ್ತದೆ, ದಾರಿಯಲ್ಲಿ ನಡೆಯಲು ಸುಖ. ಕಳ್ಳಿಯ ಮುಳ್ಳಿಗೆ ಮಾತ್ರ ಆ ಜಾಲರಿ ತೆರೆದ ಬಾಗಿಲು. ಅಲ್ಲಿಗೆ ದಪ್ಪ ಚರ್ಮದ ಮೇಲ್ಭಾಗ, ಗಟ್ಟಿ ಅಟ್ಟೆ, ಹರಡು ಮುಚ್ಚುವಷ್ಟು ಎತ್ತರವಿರುವ ಬೂಟೇ ಬೇಕು. ಮಗಳು ನನಗೆ ಅಂಥ ಒಂದು ಜೊತೆ ತಂದಿಟ್ಟಿದ್ದಳು. ಆ ದಿನ ಒಂದು ಚೋಯಾ ತುಂಡು ಮೊಮ್ಮಗನ ಬೂಟಿಗೆ ಕಚ್ಚಿಕೊಂಡಿತು. ಅವನು ಕೈ ಹಾಕಲಿಲ್ಲ. ಜೇಬಿನಿಂದ ತಲೆ ಬಾಚುವ ಬಾಚಣಿಗೆ ತೆಗೆದು, ಹಲ್ಲುಗಳನ್ನು ಮುಳ್ಳಿನ ನಡುವೆ ತೂರಿಸಿ, ಒಂದೇ ಸಲಕ್ಕೆ ಆಚೆ ಚಿಮ್ಮಿಸಿದ. ಆ ನೆಲದಲ್ಲಿ ಅಲೆಯುವವರ ಚೀಲದಲ್ಲಿ ಬಾಚಣಿಗೆಯೂ ಚಿಮಟವೂ ಇರಲೇಬೇಕಂತೆ.

ಮಕ್ಕಳೇ, ನಮ್ಮ ನಾಡಿನಲ್ಲೂ ಈ ಬಳಗದ ಒಂದು ಗಿಡವಿದೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಬೇಲಿಗಳಲ್ಲಿ ಕಾಣುವ ಪಾಪಾಸುಕಳ್ಳಿ. ಅದರ ಮೂಲ ಅಮೆರಿಕ ಖಂಡ. ಅದರ ಮೇಲೆ ಬದುಕುವ ಒಂದು ಹುಳುವಿನಿಂದ ಕೆಂಪು ಬಣ್ಣ ತೆಗೆಯಬಹುದೆಂಬ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯವರ ಕಾಲದಲ್ಲಿ ಅದನ್ನು ಇಲ್ಲಿ ಬೆಳೆಸಿದ್ದರು. ನಮ್ಮದೇ ಆದ ಕಳ್ಳಿಯನ್ನು ಗೀರಿದರೆ ಹಾಲು ಬರುತ್ತದೆ, ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ. ಆ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಪರೀಕ್ಷೆಯನ್ನು ದೊಡ್ಡವರಿಗೆ ಬಿಡಿ. ಬಯಲುಸೀಮೆಯಲ್ಲಿ ಇನ್ನೊಂದು ಕಾಟ ಜಾಲಿಮುಳ್ಳು. ಅದು ಕೆಳಗಿಂದಲೇ ಬರುತ್ತದೆ. ಅದಕ್ಕೇ ಆ ಕಡೆಯ ಕುರಿಗಾಹಿಗಳು ದಪ್ಪ ಅಟ್ಟೆಯ ಮೆಟ್ಟನ್ನೋ ಹಳೆಯ ಟೈರಿನಿಂದ ಕೊಯ್ದು ಮಾಡಿದ ಚಪ್ಪಲಿಯನ್ನೋ ಹಾಕುತ್ತಾರೆ.

ಹಾಗಾದರೆ ಮೊಮ್ಮಗನ ಚರ್ಮದ ಬೂಟು ಮಲೆನಾಡಿಗೂ ಆಗಬೇಕಲ್ಲವೇ? ಮಳೆಗಾಲದಲ್ಲಿ ಬಂದಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ. ಆಗ ಚರ್ಮ ಒದ್ದೆಯಾದರೆ ಒಣಗುವ ಮಾತಿಲ್ಲ, ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಹಾವಸೆ ಕಟ್ಟಿದ ಬಂಡೆಯ ಮೇಲೆ ನುಣುಪು ಅಟ್ಟೆ ಬೆಣ್ಣೆಯ ಮೇಲಿಟ್ಟ ಹಾಗೆ ಜಾರುತ್ತದೆ. ಆಗ ಬೇಕಾದದ್ದು ಆಳವಾದ ಗೀರುಗಳಿರುವ ಮೆದು ರಬ್ಬರಿನ ಅಟ್ಟೆ. ಮಳೆಗಾಲದ ಇನ್ನೊಬ್ಬ ಅತಿಥಿ ಇಂಬಳ. ಅದು ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಕಾಲುಚೀಲದ ನೂಲಿನ ಸಂದಿಯಲ್ಲೂ ನುಸುಳುತ್ತದೆ. ಮೊಣಕಾಲಿನವರೆಗೆ ಬರುವ ಗಂಬೂಟು ಹಾಕಿ, ಹೊಗೆಸೊಪ್ಪಿನ ನೀರನ್ನೋ ಸುಣ್ಣವನ್ನೋ ಸವರಿಕೊಂಡರೆ ಒಂದಿಷ್ಟು ರಕ್ಷೆ. ಇಂಬಳ ಕಚ್ಚಿದರೆ ರಕ್ತ ಹೋಗುತ್ತದೆ, ತುರಿಸುತ್ತದೆ, ಆದರೆ ಜೀವಕ್ಕೇನೂ ಆಗುವುದಿಲ್ಲ.

ಡಿಸೆಂಬರ್ ಬಂತೆಂದರೆ ಇಂಬಳ ಮರೆಯಾಗುತ್ತದೆ. ಆಗ ಕಾಲಿಗೆ ಸಿಗುವುದು ಸೀಗೆಮುಳ್ಳು, ಬೆತ್ತದ ಮುಳ್ಳು, ಒಣಗಿದ ದರಕು. ಸೀಗೆಯ ಹತ್ತಿರದ ನೆಂಟನೊಂದು ಅರಿಜೋನಾದಲ್ಲೂ ಇದೆ, ಅದಕ್ಕೂ ಬೆಕ್ಕಿನ ಉಗುರಿನಂಥ ಕೊಕ್ಕೆಮುಳ್ಳು. ಇದಕ್ಕೆಲ್ಲ ಅವನ ಬೂಟು ಸಾಕು. ಸಾಲದಿರುವುದು ಎಳ್ಳಿಗಿಂತ ಸಣ್ಣದಾದ ಒಂದು ಜೀವಿಗೆ. ಅದು ಉಣುಗು.

1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದಿಗೂ ಅದಕ್ಕೆ ಕ್ಯಾಸನೂರಿನದೇ ಹೆಸರು. ಸೋಂಕಿರುವ ಉಣುಗು ಕಚ್ಚಿದರೆ ಕಾಯಿಲೆ ಬರುತ್ತದೆ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಅಲ್ಲೇ ನೆಲಕ್ಕೆ ಇಳಿಯುತ್ತವೆ. ಡಿಸೆಂಬರಿನಿಂದ ಮೇ ತನಕ ಅವುಗಳ ಹಾವಳಿ ಹೆಚ್ಚು. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳು ಈ ಕಾಯಿಲೆಗೆ ಮಕ್ಕಳನ್ನೂ ದೊಡ್ಡವರನ್ನೂ ಕಳೆದುಕೊಂಡಿವೆ.

ಹಾಗಾಗಿ ಮೊಮ್ಮಗನಿಗೆ ಹೇಳಿದೆ: “ನಿನ್ನ ಬೂಟೇ ತಾ. ಜೊತೆಗೆ ಉದ್ದನೆಯ ಬಿಳಿ ಕಾಲುಚೀಲ ತಾ.” ಬಿಳಿ ಯಾಕೆಂದರೆ ಹತ್ತುತ್ತಿರುವ ಉಣುಗು ಕಣ್ಣಿಗೆ ಕಾಣಬೇಕು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಬೇಕು. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಹೊಸ ಬೂಟು ಕೊಳ್ಳುವವರಿಗೂ ಕೆಲವು ಮಾತು. ಅಂಗಡಿಗೆ ಸಂಜೆ ಹೋಗಿ. ದಿನವೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಕಾಡಿಗೆ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಲಿ, ಇಲ್ಲದಿದ್ದರೆ ಗುಡ್ಡ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಹೊಸದನ್ನು ಒಂದು ವಾರ ಮನೆಯ ಸುತ್ತ ಹಾಕಿ ಹದ ಮಾಡಿಕೊಳ್ಳಿ. ಒದ್ದೆಯಾದರೆ ಒಲೆಯ ಪಕ್ಕ ಇಡಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಹಾಕುವ ಮೊದಲು ಮಗುಚಿ ಕೊಡವಿ. ಟೂಸಾನ್ ಆಗಲಿ ತೀರ್ಥಹಳ್ಳಿಯಾಗಲಿ, ಬೂಟು ಚೇಳಿಗೆ ಇಷ್ಟವಾದ ಮನೆ.

ಹುಡುಗ ಬಂದ. ಬೂಟು, ಬಿಳಿ ಕಾಲುಚೀಲ, ಬಾಚಣಿಗೆ ಎಲ್ಲವೂ ಬಂದವು. ಬೆಟ್ಟಕ್ಕೆ ಹೋಗುವ ಹಿಂದಿನ ದಿನ ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಆಚೆಯ ಗುಡ್ಡದ ಬುಡದಲ್ಲಿ ಮಂಗವೊಂದು ಸತ್ತು ಬಿದ್ದಿದೆ, ಇಲಾಖೆಯವರು ಬಂದು ನೋಡಿಕೊಂಡು ಹೋಗಿದ್ದಾರೆ, ವರದಿ ಬರುವ ತನಕ ಯಾರೂ ಆ ಕಡೆ ಹೋಗಬೇಡಿ ಎಂದರು. ಮಗಳು ನನ್ನ ಮುಖ ನೋಡಿದಳು. “ಅಪ್ಪಯ್ಯ, ಹೋಗೋದು ಬೇಡ” ಎಂದಳು. ಬೇಡ ಎಂದೇ ನಾನೂ ಹೇಳಿದೆ. ಮೊಮ್ಮಗನ ಮುಖ ಬಾಡಿತು. ಅಷ್ಟು ದೂರದಿಂದ ಹೊತ್ತು ತಂದ ಬೂಟು ಜಗಲಿಯ ಮೇಲೆ ಹಾಗೇ ಕೂತಿತು. ಬೂಟು ಎಷ್ಟೇ ಗಟ್ಟಿಯಿರಲಿ, ಕಾಲಿಡಬಾರದ ದಿನ ಯಾವುದೆಂದು ಅದು ಹೇಳುವುದಿಲ್ಲ. ಆ ನೆಲದಲ್ಲಿ ಬದುಕುವವರನ್ನೇ ಕೇಳಬೇಕು.

ಸಂಜೆ ಅವನು ಜಗಲಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿ ಕೇಳಿದ: “ನಾವೇನೋ ಹೋಗಲ್ಲ ಅಜ್ಜಯ್ಯ. ದರಕು ತರೋಕೆ ಹೋಗ್ತಾರಲ್ಲ, ಅವರು?”

ನಮ್ಮಲ್ಲಿ ಕೊಟ್ಟಿಗೆಗೆ ಹಾಸಲು ದರಕು ಬೇಕು, ತೋಟಕ್ಕೆ ಸೊಪ್ಪು ಬೇಕು. ತರುವ ಹೆಂಗಸರು ಹವಾಯಿ ಚಪ್ಪಲಿಯಲ್ಲಿ ಹೋಗುತ್ತಾರೆ, ಕೆಲವರು ಬರಿಗಾಲಲ್ಲಿ. ಇವರ ಹಿರಿಯರು ಒಡೆಯರ ಅಂಗಳದಲ್ಲಿ ಮೆಟ್ಟು ಹಾಕಿ ನಿಲ್ಲುವಂತೆಯೇ ಇರಲಿಲ್ಲ. ಮನೆಯವರೆಲ್ಲ ಕೂತು ಮಾತಾಡಿದೆವು. ವರದಿ ಬರುವ ತನಕ ಬೆಟ್ಟದ ಕೆಲಸ ನಿಲ್ಲಿಸಿ, ಅದೇ ಕೂಲಿಗೆ ತೋಟದಲ್ಲಿ ಕೆಲಸ ಎಂದಾಯಿತು. ಎಲ್ಲರಿಗೂ ಗಂಬೂಟು ಮತ್ತು ಕಾಲುಚೀಲ ತರುವುದೆಂದೂ ಆಯಿತು.

ಮರುದಿನ ಬೆಳಿಗ್ಗೆ ಮೊಮ್ಮಗ ಹಳೆಯ ಪತ್ರಿಕೆಯ ಹಾಳೆಗಳನ್ನು ಜಗಲಿಯ ಮೇಲೆ ಹಾಸಿದ. ಕೆಲಸಕ್ಕೆ ಬಂದ ಐದು ಜನರೂ ನಾಚುತ್ತ, ನಗುತ್ತ ಒಬ್ಬೊಬ್ಬರಾಗಿ ಕಾಲಿಟ್ಟರು. ಅವನು ಮೊಣಕಾಲೂರಿ ಕೂತು, ಪೆನ್ಸಿಲಿನಿಂದ ಪ್ರತಿ ಪಾದದ ಸುತ್ತ ಗೆರೆ ಎಳೆದು, ಪಕ್ಕದಲ್ಲಿ ಹೆಸರು ಬರೆದ. ಆ ಹಾಳೆಗಳನ್ನು ಮಡಚಿಕೊಂಡು ನಾವಿಬ್ಬರೂ ತೀರ್ಥಹಳ್ಳಿಯ ಬಸ್ಸು ಹತ್ತಿದೆವು.