ಅಪ್ಪನ ಪದ್ಮಿನಿಗೆ ನಾನು ಹೊದಿಸಿದ ಕವರ್

ನಮ್ಮೂರು ಹಂಗಳ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆ ಹೊರಟರೆ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗೋದು ಇಲ್ಲೇ. ಊಟಿಗೆ ಹೋಗೋ ಹೊಸ ಹೊಸ ಕಾರುಗಳು ದಿನವಿಡೀ ಹಾದುಹೋಗುವ ಊರಲ್ಲಿ, ನಮ್ಮ ಮನೆ ಮುಂದೆ ಮಾತ್ರ 1984ರ ಪ್ರೀಮಿಯರ್ ಪದ್ಮಿನಿ. ನಾನು ಇಂಜಿನಿಯರಿಂಗ್ ಸೇರಲು ಟ್ರಂಕು, ಹಾಸಿಗೆ ಸಮೇತ ಮೈಸೂರಿಗೆ ಹೋಗಿದ್ದು ಅದರಲ್ಲೇ.

ಮಂಡಿನೋವು ಶುರುವಾದ ಮೇಲೆ ಅಪ್ಪ ಗಾಡಿ ಓಡಿಸೋದು ಬಿಟ್ಟರು. ಮಳೆಗೆ, ಇಬ್ಬನಿಗೆ ಕಾರು ಹಾಳಾಗುತ್ತಲ್ಲ ಅಂತ ನಾನು ಆನ್‌ಲೈನಲ್ಲಿ ದಪ್ಪನೆಯ ವಾಟರ್‌ಪ್ರೂಫ್ ಕವರ್ ತರಿಸಿ, ಹಗ್ಗ ಹಾಕಿ ಬಿಗಿದು ಕಟ್ಟಿ ಬೆಂಗಳೂರಿಗೆ ಬಂದೆ. "ಅಷ್ಟು ಬಿಗೀಬ್ಯಾಡ ಮಗ, ಗಾಡಿಗೂ ಗಾಳಿ ಆಡ್ಬೇಕು ಕನಪ್ಪ" ಅಂದಿದ್ದರು ಅಪ್ಪ. ಇಂಜಿನಿಯರ್ ನಾನಲ್ವಾ, ಕೇಳಲಿಲ್ಲ. ಹಬ್ಬಕ್ಕೆ ಹೋದಾಗಲೂ ಬಿಚ್ಚಿ ನೋಡಲಿಲ್ಲ.

15 ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಸಮಯ ಬಂದಾಗಲೇ ಕವರ್ ತೆಗೆದಿದ್ದು. ಒಳಗೆಲ್ಲ ಹನಿ ಹನಿ ನೀರು. ಮ್ಯಾಟ್ ಎತ್ತಿದರೆ ಡ್ರೈವರ್ ಸೀಟಿನ ಮುಂದಿನ ತಗಡು ಹಪ್ಪಳದ ಹಾಗೆ ಮುರೀತು. ತೂತಿನಿಂದ ಮಣ್ಣು ಕಾಣುತ್ತಿತ್ತು. ಅಪ್ಪ ಬಂದು ನೋಡಿ, ಏನೂ ಅನ್ನದೆ ಒಳಗೆ ಹೋದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಹೈಸ್ಕೂಲ್ ಪಾಠವೇ ಇದು: ಕಬ್ಬಿಣಕ್ಕೆ ನೀರು, ಗಾಳಿ ಎರಡೂ ತಾಗಿದರೆ ತುಕ್ಕು. ನೆಲದ ತೇವ ಹಗಲು ಆವಿಯಾಗಿ ಕವರ್ ಒಳಗೇ ಸಿಕ್ಕಿಕೊಂಡು, ರಾತ್ರಿ ತಣ್ಣನೆಯ ತಗಡಿನ ಮೇಲೆ ನೀರಾಗಿ ಕೂರುತ್ತೆ. ಕೆನಡಾದಂಥ ಕಡೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕ್ತಾರೆ. ಉಪ್ಪುನೀರು ತಾಗಿದರೆ ತುಕ್ಕು ಇನ್ನೂ ಬೇಗ. ನಮ್ಮಲ್ಲಿ ಹಿಮವೂ ಇಲ್ಲ, ಉಪ್ಪೂ ಇಲ್ಲ. ನನ್ನ ಕವರೇ ಸಾಕಾಯ್ತು.

ಗುಂಡ್ಲುಪೇಟೆಯ ಟಿಂಕರಿಂಗ್ ಅಣ್ಣ ಕೊಳೆತ ತಗಡು ಕತ್ತರಿಸಿ, ಹೊಸದು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿದರು. "ತುಕ್ಕಿನ ಮೇಲೇ ಪೇಂಟ್ ಹೊಡುದ್ರೆ ಒಳಗೊಳಗೇ ತಿಂತದೆ" ಅಂದರು. ಬಾಗಿಲುಗಳ ತಳದಲ್ಲಿ ಮಳೆನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅಲ್ಲಿ ಕಟ್ಟಿಕೊಂಡಿದ್ದ ಮಣ್ಣನ್ನು ತಂತಿ ಆಡಿಸಿ ತೆಗೆದರು. ನಿಮ್ಮನೇಲೂ ಹಳೇ ಗಾಡಿ ಇದ್ದರೆ ಆ ತೂತುಗಳನ್ನೊಮ್ಮೆ ನೋಡಿ, ಮ್ಯಾಟ್ ಎತ್ತಿ ನೋಡಿ.

ಈಗ ಕಾರಿಗೆ ಶೀಟಿನ ಚಪ್ಪರ ಹಾಕಿಸಿದ್ದೀನಿ. ಸುತ್ತ ಗಾಳಿ ಆಡುತ್ತೆ. ಧೂಳಿಗೆ ತೆಳು ಕಾಟನ್ ಬಟ್ಟೆ ಸಾಕು. ತಿಂಗಳಿಗೊಮ್ಮೆ ಬಂದು ಓಡಿಸಬೇಕು ಅಂತ ತೀರ್ಮಾನ.

ಮೊದಲ ಸಲ ಬೆಟ್ಟದ ತಪ್ಪಲಿನವರೆಗೆ ಹೋಗಿಬಂದೆವು. ಸ್ಟೀರಿಂಗ್ ಪಕ್ಕದ ಗೇರ್ ಹಾಕಲು ನಾನು ಒದ್ದಾಡುವಾಗ ಅಪ್ಪ ಪಕ್ಕದಲ್ಲಿ ಕೂತು ನಗುತ್ತಿದ್ದರು. ಮನೆ ಹತ್ತಿರ ಬಂದಾಗ ಕೇಳಿದರು, "ಮುಂದಿನ ತಿಂಗ್ಳೂ ಬತ್ತೀಯಾ ಮಗ?"

"ಬತ್ತೀನಿ ಅಪ್ಪ" ಅಂದೆ.