ವೈನ್ಸ್ ಅಂಗಡೀಲಿ ವೈನ್ ಇಲ್ಲ

ಚನ್ನಗಿರಿಯ ಗೆಳೆಯ ಅಡಿಕೆ ತೋಟದ ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡ್ತಾನೆ. ದೀಪಾವಳಿ ರಜೆಗೆ ನಾನು ಜಗಳೂರಿನಲ್ಲಿದ್ದಾಗ ಫೋನ್ ಬಂತು. "ಶನಿವಾರ ರಾತ್ರಿ ಊಟಕ್ಕೆ ಬಾ, ಇಲ್ಲೇ ಉಳ್ಕೊ. ಬರ್ತಾ ಒಂದು ವೈನ್ ತಗೊಂಡು ಬಾ." ಆಯ್ತು ಅಂದೆ. ಈವರೆಗೆ ಒಂದು ಬಾಟ್ಲಿ ವೈನೂ ಕೊಂಡವನಲ್ಲ ಅಂತ ಹೇಳೋಕೆ ನಾಚಿಕೆ.

ನಮ್ಮ ಕಡೆ ಬ್ರಾಂದಿ ಅಂಗಡಿಗೆ 'ವೈನ್ಸ್' ಅಂತಲೇ ಬೋರ್ಡು. ಜಗಳೂರಿನ ಒಂದು ಅಂಗಡಿ ಮುಂದೆ ನಿಂತು "ವೈನ್ ಇದೆಯಾ?" ಅಂದೆ. ಹುಡುಗ "ಕ್ವಾರ್ಟರಾ, ನೈಂಟಿಯಾ?" ಅಂದ. ವಿಸ್ಕಿ, ರಮ್ಮು, ಟೆಟ್ರಾ ಪ್ಯಾಕು ಎಲ್ಲ ಇತ್ತು. ಬೋರ್ಡಿನಲ್ಲಿ ಬರೆದದ್ದೊಂದು ಇರಲಿಲ್ಲ.

ದಾವಣಗೆರೆಯ ದೊಡ್ಡ ಅಂಗಡಿಯಲ್ಲಿ ಸಿಕ್ಕಿತು, ಮೂಲೆಯ ಕಪಾಟಿನಲ್ಲಿ ಮೂರು ಥರ. ಒಂದು ಸಿಹಿ ಪೋರ್ಟ್, ಒಂದು ಬಿಳಿ ಶೆನಿನ್ ಬ್ಲಾಂಕ್, ಒಂದು ಕೆಂಪು. ವೈನ್ ಅಂದ್ರೆ ಕೆಂಪೇ ಅಂತ ಕೆಂಪನ್ನೇ ತಗೊಂಡೆ. ಸಾವಿರದೊಳಗೆ ಮುಗೀತು. ಲೇಬಲ್ ಮೇಲೆ ದೊಡ್ಡಬಳ್ಳಾಪುರ ಅಂತಿತ್ತು. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ ಫ್ರಾನ್ಸಿನ ದ್ರಾಕ್ಷಿ ತಳಿ ಬೆಳೆಸೋಕೆ ಶುರು ಮಾಡಿದ್ದು 1980ರ ದಶಕದಲ್ಲೇ ಅಂತ ಆಮೇಲೆ ಓದಿದೆ.

ಬಾಟ್ಲಿಯನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮುಚ್ಚಿಟ್ಟೆ, ಯಾಕಂದ್ರೆ ಕಾರಿನಲ್ಲಿ ಅಮ್ಮ ಇದ್ದರು. ಅವರನ್ನ ನ್ಯಾಮತಿಯ ಚಿಕ್ಕಮ್ಮನ ಮನೆಗೆ ಬಿಡಬೇಕಿತ್ತು. ನಮ್ಮ ಮಾವ, ಅಮ್ಮನ ತಮ್ಮ, ಸಾರಾಯಿಯಲ್ಲೇ ಹೋದವರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ದೇವರಿಗೆ ಕಾಯಿ ಒಡೆಸಿದ್ದು ನನಗೆ ನೆನಪಿದೆ. ಅದೇ 2007ರಲ್ಲಿ ರಾಜ್ಯದ ವೈನ್ ನೀತಿಯೂ ಬಂತು, ದ್ರಾಕ್ಷಿ ಬೆಳೆಗಾರರಿಗೆ ಅನುಕೂಲ ಆಗಲಿ ಅಂತ. ಅದು ಅಮ್ಮನಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ.

ಹೊನ್ನಾಳಿಯಲ್ಲಿ ತುಂಗಭದ್ರೆ ದಾಟುವಾಗ ಅಮ್ಮ ಎಂದಿನಂತೆ ಹೊಳೆಗೆ ಕೈ ಮುಗಿದರು. ನಮ್ಮ ಜಗಳೂರಿನವರಿಗೆ ಇಷ್ಟು ನೀರು ನೋಡಿದರೆ ಸಾಕು, ಮಾತು ನಿಲ್ಲುತ್ತೆ. ನ್ಯಾಮತಿಯಲ್ಲಿ ಇಳಿಯುವಾಗ ಕೇಳಿದರು, "ಆ ಬ್ಯಾಗಲ್ಲಿರೋ ಬಾಟ್ಲಿ ಯಾರಿಗೆ?"

ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಚಿಕ್ಕಮ್ಮನ ಮನೆಯಿಂದ ಒಂದು ಚಿಪ್ಪು ಬಾಳೆಹಣ್ಣು, ಒಂದು ಮೊಳ ಸೇವಂತಿಗೆ ತಂದು ಸೀಟಿನ ಮೇಲಿಟ್ಟರು. "ಮನೆ ಹೆಣ್ಮಗಳ ಕೈಗೆ ಮೊದಲು ಇದನ್ನ ಕೊಡು. ನೀನು ಕುಡಿದು ಗಾಡಿ ಓಡಿಸಬೇಡ." ಅಷ್ಟೇ.

ವಾಪಸ್ ಹೊನ್ನಾಳಿಗೆ ಬಂದು ಹೊಳೆ ದಾಟಿ ಚನ್ನಗಿರಿ ಮುಟ್ಟುವಾಗ ಕತ್ತಲು. ಅದು ಅಡಿಕೆ ಬೇಯಿಸೋ ಕಾಲ, ಊರಿನ ಗಾಳಿಯಲ್ಲೇ ಆ ವಾಸನೆ.

ಬಾಟ್ಲಿಗೆ ಕಾರ್ಕ್ ಇತ್ತು. ಓಪನರ್ ಮನೆ ಬದಲಾಯಿಸುವಾಗ ಕಳೆದಿದೆಯಂತೆ. ಗೆಳೆಯ ಮರದ ಸ್ಕ್ರೂ ತಿರುಗಿಸಿ ಇಕ್ಕಳದಲ್ಲಿ ಎಳೆದ. ನೀವು ಮೊದಲ ಸಲ ಕೊಳ್ಳೋದಾದರೆ ತಿರುಗಿಸೋ ಮುಚ್ಚಳದ್ದೇ ತಗೊಳ್ಳಿ.

ಊಟಕ್ಕೆ ಅಕ್ಕಿ ರೊಟ್ಟಿ, ಖಾರದ ನಾಟಿ ಕೋಳಿ ಸಾರು. ಒಂದು ಗುಟುಕು ವೈನ್ ಬಿದ್ದದ್ದೇ ಬಾಯಿ ಉರಿ ಇಮ್ಮಡಿ. ಗೆಳೆಯನ ಹೆಂಡತಿ ನಕ್ಕರು. ಕೆಂಪು ವೈನ್‌ನಲ್ಲಿ ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರೋ ಟ್ಯಾನಿನ್ ಇರುತ್ತೆ, ಅದಕ್ಕೂ ಮೆಣಸಿನಕಾಯಿಗೂ ಆಗಿಬರಲ್ಲ, ನಮ್ಮ ಊಟಕ್ಕೆ ತುಸು ಸಿಹಿ ಇರೋ ಬಿಳಿ ವೈನ್ ಫ್ರಿಜ್‌ನಲ್ಲಿಟ್ಟು ಕುಡಿದರೆ ಸರಿ ಅಂದರು. ಅಂದ್ರೆ ನಾನು ಬಿಟ್ಟು ಬಂದ ಶೆನಿನ್ ಬ್ಲಾಂಕ್!

ಗೆಳೆಯನ ಅಪ್ಪ ಕುಡಿಯೋರಲ್ಲ. ಜಗುಲಿಯಲ್ಲಿ ಕೂತು ನೋಡ್ತಾ ಇದ್ದವರು ಕೇಳಿದರು, "ಹೆಂಗಿರುತ್ತಪ್ಪ ಅದು?"

ಅಲ್ಲಿವರೆಗೆ ಫೋನಲ್ಲಿ ಓದಿದ ಯಾವ ಪದವೂ ಬಾಯಿಗೆ ಬರಲಿಲ್ಲ. "ಒಗರು" ಅಂದೆ.

"ಚೊಗರಿನ ಥರಾನಾ?" ಅಂದರು. ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರೇ ಚೊಗರು, ಅಡಿಕೆಗೆ ಬಣ್ಣ ಬರೋದು ಅದರಿಂದ. ಹೌದು, ಅದೇ. ಅಡಿಕೆಯಲ್ಲಿರೋದೂ ಟ್ಯಾನಿನ್ನೇ. ನಾಲಿಗೆ ಒಣಗಿಸಿ ಒಸಡು ಹಿಡಿಯೋ ಆ ಒಗರಿನ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿದ್ದವರು ಒಂದು ತೊಟ್ಟೂ ಮುಟ್ಟದ ಈ ಯಜಮಾನರು.

ಬಾಟ್ಲಿ ಕೈಗೆ ತಗೊಂಡು, ಕನ್ನಡಕ ಏರಿಸಿ ಲೇಬಲ್ ಓದಿದರು. "ದೊಡ್ಡಬಳ್ಳಾಪುರದ್ದಾ? ದ್ರಾಕ್ಷಿಗೆ ಕೆಜಿಗೆ ಎಷ್ಟು ಕೊಡ್ತಾರಂತೆ?"

ಬೆಳಗ್ಗೆ ಹೊರಡುವಾಗ ಖಾಲಿ ಬಾಟ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಗೆಳೆಯನ ಅಮ್ಮನಿಗೆ ಕೊಬ್ಬರಿ ಎಣ್ಣೆ ಹಾಕಿಡೋಕೆ ಬೇಕಂತೆ.